ಬಿಟ್ಟ ಬಾಣವೇ ಇದು?

ದೊಡ್ಡ ಕರುಳಿನ ಕ್ಯಾನ್ಸರ್ ಸ್ಲೈಡು ಕೈಗೆ ಬಂದರೆ ನಾನು ಮೊದಲು ನೋಡುವುದು ಗೆಡ್ಡೆಯ ಅಂಚನ್ನು. ನಡುವೆ ಜೀವಕೋಶಗಳು ಒರಟೊರಟಾಗಿಯಾದರೂ ಒಂದಕ್ಕೊಂದು ಅಂಟಿಕೊಂಡು, ಗ್ರಂಥಿಯ ಆಕಾರ ಉಳಿಸಿಕೊಂಡಿರುತ್ತವೆ. ಅಂಚಿನಲ್ಲಿ ಒಂಟಿಯಾಗಿ, ಇಲ್ಲವೇ ಎರಡು, ಮೂರು, ನಾಲ್ಕು ಸೇರಿ ಗುಂಪು ಬಿಟ್ಟು ಹೊರಟಿರುತ್ತವೆ. ಹಾಗೆ ಹೊರಟವುಗಳಲ್ಲಿ ಕೆಲವು ರಕ್ತನಾಳ ಹಿಡಿದು ಲಿವರ್ ಸೇರುತ್ತವೆ.

ನಿವೃತ್ತ ಸಂಸ್ಕೃತ ಮೇಷ್ಟ್ರೊಬ್ಬರು ತಮ್ಮನ ವರದಿ ಒಯ್ಯಲು ಬಂದವರು ಲಕೋಟೆ ತೆರೆಯದೆ ನೇರ ನನ್ನ ಕೋಣೆಗೇ ಬಂದರು. “ಡಾಕ್ಟ್ರೇ, ಇದು ಅವನ ಪ್ರಾರಬ್ಧ ತಾನೆ? ಬಿಟ್ಟ ಬಾಣ. ಇನ್ನು ಮಾಡೋದೇನಿದೆ?”

ಬಾಣದ ಹೋಲಿಕೆ ಶಂಕರರ ಗೀತಾಭಾಷ್ಯದಲ್ಲಿದೆ. ಫಲ ಕೊಡಲು ತೊಡಗಿದ ಕರ್ಮ, ಬಿಟ್ಟ ಬಾಣದಂತೆ, ವೇಗ ಮುಗಿಯುವ ತನಕ ಓಡಲೇಬೇಕು. ಆದರೆ ಅಲ್ಲಿನ ಪ್ರಶ್ನೆ ಜ್ಞಾನಿಯ ದೇಹದ್ದು; ಔಷಧ ಬಿಡಿ ಎಂದು ಶಂಕರರು ಎಲ್ಲೂ ಹೇಳುತ್ತಿಲ್ಲ. ಮೇಷ್ಟ್ರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು.

ಬಾಣದ ಮಾತು ನನಗೆ ಹಿಡಿಸದಿರಲು ಕಾರಣ ಆ ಅಂಚಿನಲ್ಲೇ ಇದೆ. ಅಲ್ಲಿ ಜೀವಕೋಶಗಳ ಅಂಟು ಉಳಿಯುವುದರಲ್ಲಿ, ಬಿಡುವುದರಲ್ಲಿ ಮೈಕ್ರೋ ಆರ್‌ಎನ್‌ಎಗಳ ಕೈವಾಡವಿದೆ. ಮೈಕ್ರೋ ಆರ್‌ಎನ್‌ಎ ಎಂದರೆ ಸುಮಾರು 22 ಅಕ್ಷರಗಳ ತುಣುಕು. ತಾನು ಪ್ರೋಟೀನ್ ಆಗುವುದಿಲ್ಲ, ಬೇರೆ ಜೀನುಗಳ ಸಂದೇಶಕ್ಕೆ ಅಂಟಿಕೊಂಡು ಬಾಯಿ ಕಟ್ಟುತ್ತದೆ. ವಿಕ್ಟರ್ ಆಂಬ್ರೋಸ್, ಗ್ಯಾರಿ ರುವ್ಕನ್ 1993ರಲ್ಲಿ ಇದರ ಸುಳಿವು ಕೊಟ್ಟಿದ್ದು ಒಂದು ಮಿಲಿಮೀಟರ್ ಉದ್ದದ ಹುಳುವಿನಿಂದ. ನೊಬೆಲ್ ಬಂದಿದ್ದು 2024ರಲ್ಲಿ. ಕರುಳಿನ ಜೀವಕೋಶದಲ್ಲಿ ಮಿರ್-200 ಎಂಬ ಮೈಕ್ರೋ ಆರ್‌ಎನ್‌ಎ ಬಳಗ ಇರುವಷ್ಟು ಕಾಲ ಜೆಬ್-1 ಎಂಬ ಪ್ರೋಟೀನು ತಲೆಯೆತ್ತುವುದಿಲ್ಲ. ಅಂಚಿನಲ್ಲಿ ಮಿರ್-200 ಕುಸಿದರೆ ಜೆಬ್-1 ಮೇಲೇಳುತ್ತದೆ, ಜೀವಕೋಶಗಳ ಅಂಟು ಬಿಡುತ್ತದೆ. ಸೋಜಿಗವೆಂದರೆ, ಲಿವರಿನಲ್ಲಿ ಬೇರೂರಿದ ಅದೇ ಕ್ಯಾನ್ಸರಿನಲ್ಲಿ ಆ ಬಳಗದ ಮಿರ್-200ಸಿ ಮತ್ತೆ ಏರಿರುವುದು ಕಂಡಿದೆ. ಹೊರಡುವಾಗ ಒಂದು ಬುದ್ಧಿ, ನೆಲೆ ನಿಲ್ಲುವಾಗ ಇನ್ನೊಂದು. ನಡುದಾರಿಯಲ್ಲಿ ಹೀಗೆ ಮನಸ್ಸು ಬದಲಿಸುವ ಬಾಣ ಎಲ್ಲಾದರೂ ಉಂಟೆ?

ಹಾಗಂತ ಎಲ್ಲವೂ ಸಮಾಧಾನದ ಸುದ್ದಿಯಲ್ಲ. ಗೆಡ್ಡೆಯಲ್ಲಿ ಮಿರ್-21 ಎಂಬ ಇನ್ನೊಂದು ಮೈಕ್ರೋ ಆರ್‌ಎನ್‌ಎ ಹೆಚ್ಚಿದ್ದವರು ಬದುಕುಳಿಯುವ ಸಾಧ್ಯತೆ ಕಡಿಮೆ ಎಂದು ಮೇರಿಲ್ಯಾಂಡ್ ಮತ್ತು ಹಾಂಗ್‌ಕಾಂಗ್‌ನ ರೋಗಿಗಳ ಮೇಲಿನ ಅಧ್ಯಯನ 2008ರಲ್ಲೇ ತೋರಿಸಿತು. ಆದರೆ ಅದು ಗುಂಪಿನ ಲೆಕ್ಕ. ಆ ಗುಂಪಿನಲ್ಲಿ ಮೇಷ್ಟ್ರ ತಮ್ಮ ಎಲ್ಲಿ ನಿಂತಿದ್ದಾರೆ ಎಂದು ಮಿರ್-21 ಹೇಳಲಾರದು. ಪ್ರಾರಬ್ಧ ಮಾತ್ರ ನೇರ ಒಬ್ಬನತ್ತಲೇ ಬೆರಳು ಮಾಡುತ್ತದೆ, ಜೊತೆಗೆ ‘ನೀನೇ ಮಾಡಿಕೊಂಡದ್ದು’ ಎಂದು ಮೂದಲಿಸುತ್ತದೆ. ಹಾಸಿಗೆ ಹಿಡಿದವನಿಗೆ ಆಡುವ ಮಾತೇ ಅದು?

ಇಷ್ಟು ಉದ್ದ ಅವರ ಮುಂದೆ ಹೇಳಲಿಲ್ಲ. “ಎರಡು ದುಗ್ಧಗ್ರಂಥಿಯಲ್ಲಿ ಇದೆ, ಮೇಷ್ಟ್ರೇ. ಸ್ಕ್ಯಾನಿನಲ್ಲಿ ಲಿವರ್ ಚೆನ್ನಾಗಿದೆ. ಕೀಮೋ ತಪ್ಪಿಸಬೇಡಿ” ಎಂದೆ.

“ಕರ್ಮ ಅಲ್ಲ ಅಂದ್ರೆ ಅವನಿಗೇ ಯಾಕೆ ಬಂತು, ಹೇಳಿ.”

ಹೇಗೆ ಹರಡುತ್ತದೆ ಎಂಬುದಕ್ಕೆ ಮಾತ್ರ ನನ್ನ ವಿದ್ಯೆಯಲ್ಲಿ ಉತ್ತರ ಇದೆ. ‘ಗೊತ್ತಿಲ್ಲ’ ಎಂದೆ. ಮೇಷ್ಟ್ರು ಒಪ್ಪಿದಂತೆ ಕಾಣಲಿಲ್ಲ. ಕೀಮೋಗೆ ಯಾರನ್ನು ಕಾಣಬೇಕು ಎಂದು ಕೇಳಿ, ಲಕೋಟೆಯ ಹಿಂದೆಯೇ ಬರೆದುಕೊಂಡರು.