ಡಿಲೀಟ್ ಒತ್ತುವ ಮುನ್ನ

ಫೋಟೋಗ್ರಫಿ ಕಲಿಯಲು ಬರುವವರ ಕೈಗೆ ಮೊದಲು ಫಿಲ್ಮ್ ಕ್ಯಾಮೆರಾವನ್ನೇ ಕೊಡಬೇಕೆ? ಮುಂಬಯಿಯಲ್ಲಿ ಈ ವಿದ್ಯೆ ಕಲಿಸುವ ನನ್ನಂಥವರು ನಾಲ್ಕು ಮಂದಿ ಸೇರಿದರೆ ಈ ಪ್ರಶ್ನೆ ಏಳುತ್ತದೆ. ಕೊಡಬೇಕು ಎನ್ನುವವರ ವಾದ ಸರಳ. ಒಂದು ರೋಲಿನಲ್ಲಿ ಇರುವುದು 36 ಚಿತ್ರ. ಎಣಿಸಿ ಖರ್ಚು ಮಾಡುವಾಗ ಮನಸ್ಸು ಒಂದೆಡೆ ನಿಲ್ಲುತ್ತದೆ. ಬೆಳಕು ನೋಡಿ, ದೂರ ಅಳೆದು, ಆಮೇಲಷ್ಟೇ ಬೆರಳು ಒತ್ತುತ್ತದೆ. ಡಿಜಿಟಲ್‌ನಲ್ಲಿ ಸಾವಿರ ಸಲ ಒತ್ತಿದರೂ ಕೇಳುವವರಿಲ್ಲ, ಹಾಗಾಗಿ ನೋಡುವ ಕಣ್ಣೇ ಬೆಳೆಯುವುದಿಲ್ಲ ಎಂಬುದು ಅವರ ದೂರು.

ಕೇಳಲು ಚೆಂದವೇ. ಆದರೆ ಕೊರತೆಯೇ ಗುರು ಎನ್ನುವುದನ್ನು ನಾನು ಒಪ್ಪಲಾರೆ. ಬೀದಿಯ ಚಿತ್ರಗಳಿಗೆ ಹೆಸರಾದ ಅಮೆರಿಕದ ಗ್ಯಾರಿ ವಿನೋಗ್ರಾಂಡ್ 1984ರಲ್ಲಿ ತೀರಿಕೊಂಡಾಗ, ತೆಗೆದು ಡೆವಲಪ್ ಮಾಡದೆ ಬಿಟ್ಟ ರೋಲುಗಳೇ ಸುಮಾರು 2,500 ಇದ್ದವು. ಫಿಲ್ಮ್ ಅವರ ಕೈಯನ್ನು ತಡೆಯಲಿಲ್ಲ. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಅವರ ಕಪ್ಪುಬಿಳುಪು ಚಿತ್ರಗಳ ಸಂಯಮವನ್ನು ಕೆಲವರು ಎದುರಿಡುತ್ತಾರೆ. ಅದು ಅವರ ಸ್ವಭಾವದ ಸಂಯಮ; ಫಿಲ್ಮ್ ಅವರಿಗೆ ವ್ರತವಾಗಿರಲಿಲ್ಲ, ಆ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ, ಅಷ್ಟೆ. ವಿಧಿಯಿಲ್ಲದೆ ಹಸಿದವರನ್ನು ಕಂಡು ನಾವು ಏಕಾದಶಿ ಎನ್ನುತ್ತಿದ್ದೇವೆ.

ಖರ್ಚಿನ ಮಾತೂ ಇದೆ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 'ಇಂದು' ಹೆಸರಿನ ಫಿಲ್ಮ್ ತಯಾರಿಸುತ್ತಿದ್ದ ಕಾಲ ಮುಗಿದಿದೆ. ಈಗ ರೋಲು ಹೊರದೇಶದಿಂದ ಬರಬೇಕು. ತೊಳೆಸುವ, ಸ್ಕ್ಯಾನ್ ಮಾಡಿಸುವ ಖರ್ಚು ಬೇರೆ. ನನ್ನ ತರಗತಿಗೆ ಡೊಂಬಿವಲಿಯಿಂದ, ವಿರಾರ್‌ನಿಂದ ಲೋಕಲ್ ಹಿಡಿದು ಬರುವವರಲ್ಲಿ ಕೆಲವರು ಸೆಕೆಂಡ್‌ಹ್ಯಾಂಡ್ ಕ್ಯಾಮೆರಾವನ್ನೂ ಕಂತಿನಲ್ಲಿ ಕೊಂಡವರು. ಪ್ರತಿ ತಪ್ಪಿಗೂ ದುಡ್ಡು ತೆರಬೇಕಾದಾಗ ಉಳ್ಳವರ ಮಗ ಧೈರ್ಯವಾಗಿ ತಪ್ಪು ಮಾಡುತ್ತಾನೆ. ಇಲ್ಲದವರ ಮಗಳು ಖಂಡಿತ ಬರುವ ಚಿತ್ರವನ್ನೇ ತೆಗೆದು ಸುಮ್ಮನಾಗುತ್ತಾಳೆ. ತಪ್ಪುತ್ತಲೇ ಕಲಿಯಬೇಕಾದ ವಿದ್ಯೆಯಲ್ಲಿ ಇದು ನ್ಯಾಯವೆ?

ಹಾಗೆಂದು ಫಿಲ್ಮ್ ಕಾಲದಿಂದ ತರುವಂಥದ್ದು ಏನೂ ಇಲ್ಲವೆಂದಲ್ಲ. ಅದರ ನಿಜವಾದ ಪಾಠ ಕಾಂಟ್ಯಾಕ್ಟ್ ಶೀಟಿನಲ್ಲಿತ್ತು. ನೆಗೆಟಿವ್ ಪಟ್ಟಿಗಳನ್ನು ಫೋಟೋ ಕಾಗದದ ಮೇಲೆ ಒತ್ತಾಗಿ ಹಾಸಿ ಬೆಳಕು ಹಾಯಿಸಿ ಡೆವಲಪ್ ಮಾಡಿದರೆ 36 ಚಿತ್ರಗಳೂ ತೆಗೆದ ಕ್ರಮದಲ್ಲೇ ಪುಟ್ಟದಾಗಿ ಮೂಡುತ್ತವೆ. ದಾದರಿನ ಹೂವಿನ ಮಾರುಕಟ್ಟೆಯಲ್ಲಿ ಮಾಲೆ ಕಟ್ಟುವ ಹೆಂಗಸನ್ನು ದೂರದಿಂದ ಕದ್ದು ತೆಗೆದದ್ದು, ಆಕೆ ಮುಖ ತಿರುಗಿಸಿದ್ದು, ಆದರೂ ಬಿಡದೆ ಹತ್ತಿರ ಹೋದದ್ದು, ಕೊನೆಗೆ ಆಕೆ ನಕ್ಕದ್ದು ಎಲ್ಲ ಅಲ್ಲಿರುತ್ತದೆ. ನಕ್ಕ ಚಿತ್ರವೊಂದನ್ನೇ ತಂದರೆ ಅದು ಸ್ನೇಹದ ಚಿತ್ರ. ಮುಖ ತಿರುಗಿಸಿದ್ದೂ ಪಕ್ಕದಲ್ಲಿದ್ದರೆ, ಆ ನಗು ಹೇಗೆ ಬಂತು ಎಂಬುದಕ್ಕೆ ಉತ್ತರ ಹೇಳಬೇಕಾಗುತ್ತದೆ.

ಡಿಜಿಟಲ್‌ನಲ್ಲಿ ಆ ಮುಖ ತಿರುಗಿಸಿದ ಚಿತ್ರ ರೈಲು ಹತ್ತುವ ಮೊದಲೇ ಡಿಲೀಟ್ ಆಗಿರುತ್ತದೆ. ಅದರ ಜೊತೆಗೆ ತೆಗೆದವರ ನಡತೆಯ ಸಾಕ್ಷಿಯೂ ಹೋಗುತ್ತದೆ. ನನ್ನ ಆತಂಕವಿರುವುದು ಇಲ್ಲಿ, ಸಾವಿರ ಸಲ ಒತ್ತುವುದರಲ್ಲಿ ಅಲ್ಲ.

ಆದರೆ ಅದೇ ಗುಂಡಿಗೆ ಇನ್ನೊಂದು ಮುಖವಿದೆ. ಫಿಲ್ಮ್ ಕಾಲದಲ್ಲಿ ಆ ಹೆಂಗಸಿಗೆ ತಾನು ಹೇಗೆ ಕಂಡೆ ಎಂದು ಅಲ್ಲೇ ನೋಡುವ ದಾರಿಯಿರಲಿಲ್ಲ, ಬೇಡ ಎನ್ನುವ ದಾರಿಯೂ ಇರಲಿಲ್ಲ. ಇವತ್ತು ಪರದೆ ತಿರುಗಿಸಿ ತೋರಿಸಬಹುದು. ಬೇಡ ಎಂದರೆ ಆಕೆಯ ಕಣ್ಣೆದುರೇ ಅಳಿಸಬಹುದು, ಅಳಿಸಲೇಬೇಕು.

ಹೀಗಾಗಿ ನನ್ನ ತರಗತಿಯಲ್ಲಿ ಕ್ಯಾಮೆರಾ ಯಾವುದಾದರೂ ಸರಿ, ಮೊಬೈಲ್ ಆದರೂ ಆದೀತು. ನಿಯಮ ಒಂದೇ: ಅಳಿಸುವ ಹಕ್ಕು ಚಿತ್ರದಲ್ಲಿರುವವರದು, ತೆಗೆದವರದಲ್ಲ. ಚೆನ್ನಾಗಿ ಬರದದ್ದನ್ನೂ ಕ್ರಮ ತಪ್ಪಿಸದೆ ತರಬೇಕು. ಫೈಲುಗಳ ಸಂಖ್ಯೆ ಸಾಲಾಗಿ ಬರುವುದರಿಂದ ನಡುವೆ ಒಂದು ಇಲ್ಲದಿದ್ದರೆ ಸಾಮಾನ್ಯವಾಗಿ ಗೊತ್ತಾಗುತ್ತದೆ. ಆಗ ನಾನು ಕೇಳುವುದಿಷ್ಟೇ: "ಇದನ್ನು ಅಳಿಸಲು ಹೇಳಿದವರು ಯಾರು?"