ನಕಲೆಂದು ತೂಗುಹಾಕಿದ್ದ ಚಿತ್ರ

ಇಂಗ್ಲೆಂಡಿನ ಉತ್ತರ ತುದಿಯಲ್ಲಿ ಆನಿಕ್ ಎಂಬ ಕೋಟೆಯಿದೆ. ಹ್ಯಾರಿ ಪಾಟರ್ ಸಿನಿಮಾ ನೋಡಿದವರಿಗೆ ಗೊತ್ತಿಲ್ಲದೆಯೇ ಅದರ ಪರಿಚಯ ಆಗಿರುತ್ತದೆ. ಅಲ್ಲಿನ ಮಾಯಾಶಾಲೆಯ ಕೆಲವು ದೃಶ್ಯಗಳನ್ನು ತೆಗೆದದ್ದು ಇಲ್ಲೇ. ನಾರ್ತಂಬರ್‌ಲ್ಯಾಂಡಿನ ಡ್ಯೂಕರ ಆ ಮನೆಯ ಕಾರಿಡಾರಿನಲ್ಲಿ ಒಂದು ಪುಟ್ಟ ಚಿತ್ರ ತೂಗುತ್ತಿತ್ತು. ಎತ್ತರ ಸುಮಾರು 28 ಸೆಂಟಿಮೀಟರ್, ಅಗಲ 22. ಇನ್ನೂ ಹುಡುಗಿಯಂತಿರುವ ಮೇರಿ, ಅವಳ ಮಡಿಲಲ್ಲಿ ಬಿಳಿ ದಿಂಬಿನ ಮೇಲೆ ಕೂತ ಕೂಸು ಯೇಸು, ಇಬ್ಬರ ಬೆರಳುಗಳ ನಡುವೆ ಕಾರ್ನೇಷನ್ ಹೂಗಳು. 1853ರಲ್ಲಿ ಇಟಲಿಯ ಕಲಾವಿದ ರಾಫೆಲ್‌ನ ಚಿತ್ರವೆಂದೇ ಕೊಂಡು ತಂದದ್ದು. ಆಮೇಲೆ ಪಂಡಿತರು ಅಲ್ಲವೆಂದರು: ಮೂಲ ಎಲ್ಲೋ ಕಳೆದುಹೋಗಿದೆ, ಇದು ಅದರ ನಕಲು. ಅಲ್ಲಿಗೆ ಚಿತ್ರದ ಕತೆ ಮುಗಿಯಿತು. ನಕಲನ್ನು ನಿಂತು ನೋಡುವವರು ಯಾರು?

1991ರಲ್ಲಿ ನಿಕೋಲಸ್ ಪೆನ್ನಿ ನಿಂತು ನೋಡಿದರು. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಇಟಲಿಯ ಪುನರುಜ್ಜೀವನ ಕಾಲದ ಚಿತ್ರಗಳ ಕ್ಯುರೇಟರ್ ಆಗಿ ಅವರು ಸೇರಿಕೊಂಡು ಹೆಚ್ಚು ಕಾಲ ಆಗಿರಲಿಲ್ಲ. ಆದರೆ ರಾಫೆಲ್ ಅವರಿಗೆ ಹೊಸಬನಲ್ಲ. 1983ರಲ್ಲೇ ಇನ್ನೊಬ್ಬ ವಿದ್ವಾಂಸರ ಜೊತೆ ಸೇರಿ ಅವನ ಮೇಲೆ ಪುಸ್ತಕ ಬರೆದವರು. ನಮಗೆ ಬೆರಗೆಂದರೆ ಏನೂ ಗೊತ್ತಿಲ್ಲದವರ ಸೊತ್ತು, ತಿಳಿವಳಿಕೆ ಬಂದಷ್ಟೂ ಅದು ಸೋರಿಹೋಗುತ್ತದೆ ಎಂಬ ನಂಬಿಕೆಯಿದೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಆ ಕಾರಿಡಾರಿನಲ್ಲಿ ಏನೂ ಗೊತ್ತಿಲ್ಲದವರು ದಿನವೂ ಓಡಾಡಿದ್ದರು, ಯಾರೂ ಬೆರಗಾಗಲಿಲ್ಲ. ವರ್ಷಗಟ್ಟಲೆ ಒಂದೇ ಕೈಯ ಗೆರೆಗಳನ್ನು ನೋಡಿ ನೋಡಿ ಕಣ್ಣು ಪಳಗಿದವನಿಗೆ ಮಾತ್ರ ಇಲ್ಲಿ ಏನೋ ಇದೆ ಅನ್ನಿಸಿತು.

ಅನ್ನಿಸಿದ್ದೇ ಪುರಾವೆಯಲ್ಲವಲ್ಲ. ಚಿತ್ರ ಲಂಡನ್ನಿನ ಪ್ರಯೋಗಾಲಯಕ್ಕೆ ಬಂತು. ಅವಕೆಂಪು ಕಿರಣಗಳು ಎಷ್ಟೋ ಬಣ್ಣಗಳನ್ನು ದಾಟಿ ಒಳಕ್ಕೆ ಇಳಿಯುತ್ತವೆ. ಕೆಳಗೆ ಕಲಾವಿದ ಮೊದಲು ಗೀಚಿಕೊಂಡ ಗೆರೆಗಳಿದ್ದರೆ ಕಪ್ಪಾಗಿ ತೋರುತ್ತವೆ. ಇಲ್ಲಿ ತೋರಿದವು. ರಾಫೆಲ್‌ನ ಕಾಗದದ ರೇಖಾಚಿತ್ರಗಳಲ್ಲಿ ಕಾಣುವ ಅದೇ ಚುರುಕು ಗೆರೆಗಳು. ಅದಕ್ಕಿಂತ ಮುಖ್ಯವಾಗಿ, ಬರೆದು ಬದಲಿಸಿದ ಗುರುತುಗಳು. ಪಕ್ಕದವನದನ್ನು ನೋಡಿ ಬರೆಯುವ ಹುಡುಗನ ಉತ್ತರಪತ್ರಿಕೆಯಲ್ಲಿ ಚಿತ್ತು ಇರುವುದಿಲ್ಲ. ಉತ್ತರ ಕಣ್ಣೆದುರೇ ಇರುತ್ತದೆ. ಈ ಹಲಗೆಯ ಮೇಲೆ ಚಿತ್ತುಗಳಿದ್ದವು. ಇಪ್ಪತ್ತಮೂರರ ಆಸುಪಾಸಿನ ತರುಣನೊಬ್ಬ 1506–07ರ ಹೊತ್ತಿಗೆ ಹೀಗೋ ಹಾಗೋ ಎಂದು ಯೋಚಿಸಿ, ಗೆರೆ ಬದಲಿಸಿ, ಅದರ ಮೇಲೆ ಬಣ್ಣ ಮುಚ್ಚಿದ್ದ. ಅವನ ಅನುಮಾನಗಳು ಸುಮಾರು ಐದು ಶತಮಾನ ಬಣ್ಣದಡಿ ಇದ್ದವು. ಕೊನೆಗೆ ಅವನ ಪರವಾಗಿ ಸಾಕ್ಷಿ ಹೇಳಿದ್ದೂ ಅವೇ.

ಮುಂದಿನದು ದುಡ್ಡಿನ ಕತೆ. ಅಮೆರಿಕದ ಗೆಟ್ಟಿ ಮ್ಯೂಸಿಯಂ ಕೊಳ್ಳಲು ಮುಂದಾಯಿತು, ಬ್ರಿಟನ್ನಿನಲ್ಲಿ ಗದ್ದಲವೆದ್ದಿತು, 2004ರಲ್ಲಿ ನ್ಯಾಷನಲ್ ಗ್ಯಾಲರಿಯೇ 2.2 ಕೋಟಿ ಪೌಂಡ್ ಕೊಟ್ಟು ಉಳಿಸಿಕೊಂಡಿತು.

ಈಗ ಜನ ಅದರ ಮುಂದೆ ನಿಲ್ಲುತ್ತಾರೆ. ಅವರು ನೋಡುವುದು ಏನನ್ನು ಎಂಬುದು ನನ್ನ ಅನುಮಾನ. ನಕಲು ಎಂಬ ಮಾತು ಆನಿಕ್‌ನವರ ಕಣ್ಣು ಮುಚ್ಚಿಸಿದ್ದರೆ, ರಾಫೆಲ್ ಎಂಬ ಮಾತು ಇವರ ಕಣ್ಣನ್ನು ಚೌಕಟ್ಟಿನ ಪಕ್ಕದ ಚೀಟಿಗೇ ಕಟ್ಟಿಹಾಕುತ್ತದೆ. ಹಳೆಯ ಹೆಸರು ಸಡಿಲವಾಗಿ ಹೊಸದು ಇನ್ನೂ ಅಂಟದ ಆ ಸ್ವಲ್ಪ ಹೊತ್ತಿನಲ್ಲಿ, ಬರೀ ತಾಯಿ, ಕೂಸು, ಹೂಗಳನ್ನು ಒಬ್ಬ ಕ್ಯುರೇಟರ್ ನೋಡಿದ್ದಿರಬೇಕು. ಆ ಕೆಲಸದ ಸಂಬಳಕ್ಕಿಂತ ದೊಡ್ಡ ಗಳಿಕೆ ಅದೇ ಇರಬೇಕೆಂದು ನನಗೆ ಹೊಟ್ಟೆಕಿಚ್ಚು.

ಹಾಗೆಂದು ಅವರ ಉಳಿದ ದಿನಗಳೆಲ್ಲ ಹೀಗೇ ಇದ್ದವೆಂದಲ್ಲ. ಗ್ಯಾಲರಿಯ ಹದಿನಾರನೇ ಶತಮಾನದ ಇಟಾಲಿಯನ್ ಚಿತ್ರಗಳಿಗೆ ಪೆನ್ನಿ ದಪ್ಪ ದಪ್ಪ ಕ್ಯಾಟಲಾಗುಗಳನ್ನು ಬರೆದರು. ಯಾವ ಚಿತ್ರ ಯಾರ ಕೈಯಿಂದ ಯಾರ ಕೈಗೆ ಬಂತು, ಎಂದು ರಿಪೇರಿಯಾಯಿತು, ಚೌಕಟ್ಟು ಎಲ್ಲಿಯದು ಎಂಬ ಕಂತೆ ಕಂತೆ ವಿವರ. 2008ರಿಂದ 2015ರವರೆಗೆ ಅದೇ ಗ್ಯಾಲರಿಯ ನಿರ್ದೇಶಕರೂ ಆಗಿದ್ದರು. ಇನ್ನು ಕಾರ್ನೇಷನ್ ಹೂಗಳ ಮೇರಿಯ ವ್ಯಾಜ್ಯ, ಗ್ಯಾಲರಿ ಚಿತ್ರವನ್ನು ಕೊಂಡಾಗಲೂ ಪೂರ್ತಿ ತೀರಿರಲಿಲ್ಲ. ಅದು ರಾಫೆಲ್‌ನದಲ್ಲವೇ ಅಲ್ಲ ಎಂದು ಕೊಲಂಬಿಯಾ ವಿಶ್ವವಿದ್ಯಾಲಯದ ಜೇಮ್ಸ್ ಬೆಕ್ ಪಟ್ಟುಹಿಡಿದು ವಾದಿಸಿದರು. ಅವರೂ ಪುನರುಜ್ಜೀವನ ಕಾಲದ ಕಲೆಯಲ್ಲೇ ಪಳಗಿದ ಕಣ್ಣಿನವರು.