ಸೇವೆಯು ಸರದಿಯೇ ಹೊರತು ಸ್ವತ್ತಲ್ಲ

|| ಹರಿಃ ಓಂ ||



ಉತ್ಸವಗಳು ಸಮೀಪಿಸಿದಂತೆ ದೇವಾಲಯದಲ್ಲಿ ಸಡಗರವು ತುಂಬುತ್ತದೆ. ತೋರಣ ಕಟ್ಟುವವರು, ತರಕಾರಿ ಹೆಚ್ಚುವವರು, ಭಜನೆ ಮಾಡುವವರು, ಎಲೆ ಹಾಕಿ ಬಡಿಸುವವರು, ಹೀಗೆ ಅನೇಕ ಕೈಗಳು ಒಂದಾಗುತ್ತವೆ. ಆದರೆ ಅದೇ ಸಮಯದಲ್ಲಿ ಫಲಮಂತ್ರಾಕ್ಷತೆಗೆ ಯಾರನ್ನು ಮೊದಲು ಕರೆದರು, ಸೇವಾಕರ್ತರ ಪಟ್ಟಿಯಲ್ಲಿ ಯಾರ ಹೆಸರು ಕೆಳಗಾಯಿತು ಎಂಬ ಮಾತುಗಳೂ ಏಳುತ್ತವೆ. ಇಂತಹ ಅಲ್ಪಕಾರಣಕ್ಕೆ ಮನಸ್ಸು ಮುರಿದು, ಹಲವು ವರ್ಷ ಸೇವೆ ಸಲ್ಲಿಸಿದವರೇ ದೇವಾಲಯದ ಹೊಸ್ತಿಲು ತುಳಿಯದಿರುವುದುಂಟು. ಇದರಿಂದ ನಷ್ಟವು ಯಾರಿಗೆ? ಪೂರ್ಣಕಾಮನಾದ ಶ್ರೀಹರಿಗೆ ಯಾವ ಕೊರತೆಯೂ ಇಲ್ಲ. ಕಳೆದುಕೊಂಡವರು ನಾವೇ.

ಈ ಕಲಹದ ಮೂಲವು 'ನಾನು ಮಾಡಿದೆ' ಎಂಬ ಭ್ರಮೆಯಲ್ಲಿದೆ. ಶ್ರೀಹರಿಯೊಬ್ಬನೇ ಸ್ವತಂತ್ರನು, ಜೀವನ ಕರ್ತೃತ್ವವು ಅವನ ಅಧೀನವಾದುದು ಎಂಬುದು ನಮ್ಮ ಸಿದ್ಧಾಂತ. ಹಾಗೆಂದು ಕೈಕಟ್ಟಿ ಕುಳಿತುಕೊಳ್ಳುವುದಕ್ಕೂ ಅವಕಾಶವಿಲ್ಲ. ಅವನು ಕೊಟ್ಟ ಶಕ್ತಿಯಿಂದ ಪ್ರಯತ್ನಿಸುವುದು ಜೀವನ ಕರ್ತವ್ಯ. ಆದುದರಿಂದ ಆಲಸ್ಯವೂ ದೋಷ, ಅಹಂಕಾರವೂ ದೋಷ.

ನಾನಾ ಜನರಿಗೆ ಸಲ್ಲಿಸುವ ಸೇವೆಯನ್ನು ಶ್ರೀಮದಾಚಾರ್ಯರು ಗೀತಾತಾತ್ಪರ್ಯದಲ್ಲಿ ಕಂದಾಯಕ್ಕೆ ಹೋಲಿಸಿದ್ದಾರೆ. ಈ ಹೋಲಿಕೆಯನ್ನು ನಾವು ನಿಧಾನವಾಗಿ ಚಿಂತಿಸಬೇಕು. ಕಂದಾಯ ಕಟ್ಟಿದವನು ಊರಿನಲ್ಲಿ ಸನ್ಮಾನವನ್ನು ನಿರೀಕ್ಷಿಸುವನೇ? ನೆರೆಯವನು ಕಟ್ಟಲಿಲ್ಲವೆಂದು ತನ್ನ ಬಾಕಿಯನ್ನು ಉಳಿಸಿಕೊಳ್ಳುವನೇ? ಭಗವಂತನ ನೆಲ, ಜಲ, ಅನ್ನಗಳನ್ನು ಅನುಭವಿಸುವ ನಮಗೆ ಸೇವೆಯು ಉಪಕಾರವಲ್ಲ, ಋಣಸಂದಾಯ.

ಉಡುಪಿಯ ಪರ್ಯಾಯ ವ್ಯವಸ್ಥೆಯಲ್ಲಿ ಈ ತತ್ತ್ವವನ್ನು ಕಣ್ಣಾರೆ ಕಾಣಬಹುದು. ಅಷ್ಟಮಠಗಳ ನಡುವೆ ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಶ್ರೀಕೃಷ್ಣಪೂಜೆಯ ಸರದಿಯನ್ನು ಶ್ರೀವಾದಿರಾಜತೀರ್ಥರು 1522ರಲ್ಲಿ ಎರಡು ವರ್ಷಗಳಿಗೆ ವಿಸ್ತರಿಸಿದರು. ಪರ್ಯಾಯಕ್ಕೆ ಬಹಳ ಮೊದಲೇ ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ ಎಂಬ ನಾಲ್ಕು ಮುಹೂರ್ತಗಳು ನಡೆಯುತ್ತವೆ. ಇವೆಲ್ಲವೂ ಅನ್ನದಾನದ ಸಿದ್ಧತೆಗಳು. ಬಾಳೆ ನೆಟ್ಟವರ, ಕಟ್ಟಿಗೆ ಒಟ್ಟಿದವರ ಹೆಸರನ್ನು ಪಂಕ್ತಿಯಲ್ಲಿ ಕುಳಿತವರು ಕೇಳುವುದಿಲ್ಲ. ಅವರಿಲ್ಲದೆ ಪಂಕ್ತಿಯೂ ಇಲ್ಲ.

ಅವಧಿ ಮುಗಿದ ದಿನ ನಿರ್ಗಮಿಸುವ ಶ್ರೀಪಾದರು ಅಕ್ಷಯಪಾತ್ರೆ, ಸಟ್ಟುಗ, ಗರ್ಭಗುಡಿಯ ಕೀಲಿಕೈಗಳನ್ನು ಬರುವ ಶ್ರೀಪಾದರಿಗೆ ಒಪ್ಪಿಸುತ್ತಾರೆ. ಆ ಮಠಕ್ಕೆ ಮತ್ತೆ ಸರದಿ ಬರುವುದು ಹದಿನಾಲ್ಕು ವರ್ಷಗಳ ಅನಂತರ. ಸರದಿ ತಪ್ಪಿದರೂ ಭಕ್ತಿಗೆ ಬಿಡುವಿಲ್ಲ. ಅವರವರ ಮಠಗಳಲ್ಲಿ ಪೂಜೆ, ಪಾಠ, ಪ್ರವಚನಗಳು ನಡೆದೇ ಇರುತ್ತವೆ. ವಿರಕ್ತರಾದ ಯತಿಗಳಿಗೇ ಸರದಿಯ ನಿಯಮವಿರುವಾಗ, ಗೃಹಸ್ಥರಾದ ನಾವು ಉಗ್ರಾಣದ ಬೀಗದ ಕೈಯನ್ನೋ ಸಮಿತಿಯ ಸ್ಥಾನವನ್ನೋ ಸ್ವಂತ ಆಸ್ತಿಯೆಂದು ಬಗೆಯುವುದು ಯುಕ್ತವೇ?

ಆದಕಾರಣ ಕೆಲಸಕ್ಕೆ ತೊಡಗುವ ಮುನ್ನ ಒಂದು ಕ್ಷಣ ಶ್ರೀಹರಿಯನ್ನು ಸ್ಮರಿಸೋಣ. ನಮ್ಮ ಸರದಿ ಬಂದಾಗ ಶ್ರದ್ಧೆಯಿಂದ ದುಡಿಯೋಣ. ಮುಗಿದಾಗ ಲೆಕ್ಕವನ್ನೂ ಬೀಗದ ಕೈಯನ್ನೂ ಒಪ್ಪಿಸಿ, ಕಿರಿಯರಿಗೆ ಕೆಲಸ ಕಲಿಸಿ, ಸಂತೋಷದಿಂದ ಹಿಂದೆ ಸರಿಯೋಣ. ಕರೆಯದಿದ್ದ ದಿನವೂ ಬಂದು ಕುಳಿತು ಕಥಾಶ್ರವಣ ಮಾಡೋಣ. ಕರೆದಾಗ ಮಾತ್ರ ಬರುವುದು ಅತಿಥಿಯ ಲಕ್ಷಣ, ಕರೆಯದೆಯೂ ಬರುವುದು ದಾಸನ ಲಕ್ಷಣ. ಮನಸ್ತಾಪದಿಂದ ದೂರ ಸರಿದವರು ನಮ್ಮೊಳಗಿದ್ದರೆ ಅವರ ಮನೆಗೆ ನಾವೇ ಹೋಗಿ ಕರೆತರೋಣ. ಉತ್ಸವದ ಸಿದ್ಧತೆಗಳಲ್ಲಿ ಇದೇ ಮೊದಲನೆಯದಾಗಲಿ.

ಭಗವಂತನ ಮಹಿಮೆಯನ್ನು ಅರಿತು, ಎಲ್ಲಕ್ಕಿಂತ ಮಿಗಿಲಾಗಿ ಅವನಲ್ಲಿ ದೃಢವಾದ ಸ್ನೇಹವನ್ನಿಡುವುದೇ ಭಕ್ತಿ. ಆ ಸ್ನೇಹವು ನೆಲೆಸಿದ ಮನಸ್ಸಿಗೆ ಪಟ್ಟಿಯಲ್ಲಿ ತನ್ನ ಹೆಸರನ್ನು ಹುಡುಕುವ ಬಿಡುವೇ ಇರುವುದಿಲ್ಲ.

|| ಶ್ರೀಕೃಷ್ಣಾರ್ಪಣಮಸ್ತು ||